ಮುರಿಯಲೆಂದೇ ಮಾಡಿದ ಪಿನ್ನು

ಬೆಳಿಗ್ಗೆಯಿಂದ ಐಲಾ ಕಂಗಾಸಳಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಕೋಟಿನ ಜೇಬಿನಲ್ಲಿಟ್ಟರೆ ಬೆವರುತ್ತಿದ್ದವು, ಹೊರಗೆ ತೆಗೆದರೆ ಮೇಜಿನ ಅಂಚನ್ನು ಹಿಡಿದುಕೊಳ್ಳುತ್ತಿದ್ದವು, ಹಿಡಿದುಕೊಂಡ ಮೇಲೆ ಅಲ್ಲಿ ಹರಡಿದ್ದ ಕಬ್ಬಿಣದ ಕಡೆಗೆ ತಮ್ಮಷ್ಟಕ್ಕೆ ತಾವೇ ಹೊರಡುತ್ತಿದ್ದವು. ಕಾಲೇಜಿನ ವರ್ಕ್‌ಶಾಪಿನ ಉದ್ದನೆಯ ಮೇಜಿಗೆ ಕಂದು ಕಾಗದ ಹಾಸಿ, ಅಂಗಳದ ಹಿಮ ತೆಗೆಯುವ ಒಂದು ಹಳೆಯ ಸ್ನೋ ಬ್ಲೋವರನ್ನು ಪೂರ್ತಿ ಬಿಚ್ಚಿಟ್ಟಿದ್ದರು. ಹಿಮಕ್ಕೆ ಬಾಯಿಕ್ಕುವ ಕಿತ್ತಳೆ ಬಣ್ಣದ ತಗಡಿನ ಪೆಟ್ಟಿಗೆ, ಅದನ್ನು ಕೊರೆದು ನಡುವಿಗೆ ಎಳೆಯುವ ಗರಗಸದ ಹಲ್ಲಿನ ಎರಡು ತಿರುಪು ಅಲಗು, ಎಳೆದದ್ದನ್ನು ಹಿಂದಿನಿಂದ ಹೊಡೆದು ಮೇಲಕ್ಕೆ ಚಿಮ್ಮಿಸುವ ಫ್ಯಾನು, ಚಿಮ್ಮಿದ್ದು ಅಂಗಳದಾಚೆ ಹಾರಿಹೋಗುವ ಸೊಂಡಿಲು. ಇವು ದೊಡ್ಡವು. ಉಳಿದದ್ದೆಲ್ಲ ಬೋಲ್ಟು, ವಾಷರು, ಬೇರಿಂಗು, ಹಲ್ಲುಚಕ್ರ. ಒಟ್ಟು ನೂರ ನಲವತ್ತಮೂರು ತುಂಡು. ಪ್ರೊಫೆಸರ್ ಲೊರೇನ್ ಪೆಪಿನ್ ಪ್ರತಿ ತುಂಡಿಗೂ ನಾಲ್ಕು ಪ್ರಶ್ನೆ ಕೊಟ್ಟಿದ್ದಳು: ಯಾವ ಲೋಹ, ಹೇಗೆ ಮಾಡಿದ್ದು, ಏನು ಕೆಲಸ, ಈ ಆಕಾರವೇ ಯಾಕೆ. ಚೀಟಿ ಎತ್ತಿದಾಗ ಬೇರೆಯವರಿಗೆ ಹೊಲಿಗೆ ಯಂತ್ರ, ಕಾಫಿ ಬೀಸುವ ಯಂತ್ರ ಬಂದಿದ್ದವು. ಐಲಾಳ ಚೀಟಿಯಲ್ಲಿ ಇದು ಬಂದಿತ್ತು. ಆ ದಿನ ಚೀಟಿಯನ್ನು ಮಡಚಿ ಮತ್ತೆ ಡಬ್ಬಿಗೆ ಹಾಕಿಬಿಡೋಣವೆಂದು ಅವಳಿಗೆ ಅನ್ನಿಸಿತ್ತು. ಆದರೆ ಅವಳ ಜೊತೆಗಾರ ಡೆವಿನ್ ಶುಲ್ಟ್ಸ್ ಆಗಲೇ ಅದನ್ನು ಅವಳ ಕೈಯಿಂದ ಕಿತ್ತುಕೊಂಡು ಇಡೀ ತರಗತಿಗೆ ಕೇಳುವಂತೆ ಓದಿಬಿಟ್ಟಿದ್ದ.

"ನೀವು ಫೋಟೋ ತಗೊಳ್ಳಿ ಐಲಾ ಅವ್ರೇ," ಎಂದು ಡೆವಿನ್ ಈಗ ಕ್ಯಾಮೆರಾ ಅವಳತ್ತ ತಳ್ಳಿದ. "ನಿಮ್ಮ ಅಕ್ಷರಾನೂ ಗುಂಡಗಿದೆ, ಪಟ್ಟಿ ನೀವೇ ಬರೀರಿ. ವಿಶ್ಲೇಷಣೆ ನಾನ್ ನೋಡ್ಕೋತೀನಿ."

"ಹೋದ ವಾರ ತೊಳೆದದ್ದೂ ನಾನೇ."

"ಅದಕ್ಕೇ ಇಷ್ಟು ಹೊಳೀತಿರೋದು. ನಮ್ಮಮ್ಮ ತೊಳೆದ ಪಾತ್ರೆನೂ ಹಿಂಗ್ ಹೊಳೆಯಲ್ಲ. ನೀವು ಅವ್ಳಿಗಿಂತ ಎರಡು ವರ್ಷ ದೊಡ್ಡೋರಲ್ವಾ?"

ಅವನು ಕೆಟ್ಟವನಲ್ಲ. ಇಪ್ಪತ್ತೇಳು ವರ್ಷದವನು, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎರಡು ವರ್ಷ ದುಡಿದು ಬಂದವನು, ತನಗೆ ತಿಳಿದಿದೆಯೆಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿಲ್ಲ. ಐಲಾಳಿಗೆ ನಲವತ್ತಾರು. ಇಪ್ಪತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿ, ಶಾಲೆ ಮುಚ್ಚಿದ ಮೇಲೆ ಇಲ್ಲಿ ಸೇರಿದ್ದಳು. ಅರ್ಜಿಯಲ್ಲಿ 'ಯಾಕೆ ಎಂಜಿನಿಯರಿಂಗ್?' ಎಂದು ಕೇಳಿದ ಕಡೆ ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ 'ನನ್ನ ಕೈ ಚೆನ್ನಾಗಿತ್ತು' ಎಂದು ಬರೆದಿದ್ದಳು. 'ಇದೆ' ಎಂದು ಬರೆಯಬೇಕಿತ್ತೆಂದು ಮನೆಗೆ ಹೋದ ಮೇಲೆ ನಾಚಿಕೆಯಾಯಿತು. ಆದರೆ ಇತ್ತು ಎನ್ನುವುದೇ ಸರಿ. ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಅವಳಿಗೆ ಇಪ್ಪತ್ನಾಲ್ಕಾಗಿದ್ದಾಗ ಊರಿನ ಗಂಡಸರು ಯಂತ್ರವನ್ನು ಅಪ್ಪನ ಮುಂದಲ್ಲ, ಅವಳ ಮುಂದೆ ತಂದಿಡುತ್ತಿದ್ದರು. ಕಿವಿಗೊಟ್ಟು ಕೇಳಿ, ಇದರ ಬೆಲ್ಟು ಸವೆದಿದೆ, ಇದರ ಕೊಳವೆ ಕಟ್ಟಿದೆ ಎನ್ನುತ್ತಿದ್ದಳು. ಆ ಡಿಸೆಂಬರಿನಲ್ಲಿ ಸರೋವರದ ಕಡೆಯಿಂದ ಮೂರು ದಿನ ಬಿಡದೆ ಹಿಮ ಸುರಿದು, ಅಂಗಡಿಯಲ್ಲಿದ್ದ ಪಿನ್ನುಗಳೆಲ್ಲ ಖಾಲಿಯಾಗಿದ್ದವು. ಮುರಿಯಲೆಂದೇ ಮಾಡಿದ ಮೆತ್ತನೆಯ ಪಿನ್ನುಗಳು ಅವು. ಅಲಗಿಗೆ ಕಲ್ಲೋ ಗಟ್ಟಿ ಮಂಜುಗಡ್ಡೆಯೋ ಸಿಕ್ಕಿದರೆ ತಾವು ಮುರಿದು ಯಂತ್ರವನ್ನು ಉಳಿಸುತ್ತವೆ. ಪಕ್ಕದ ಮನೆಯ ಉರ್ಹೊ ಸಾರೆಲಾ ಮೀಸೆಯ ಮೇಲೆಲ್ಲ ಹಿಮ ಕಟ್ಟಿಕೊಂಡು ಬಂದು ಗಲ್ಲಾಪೆಟ್ಟಿಗೆಯ ಮುಂದೆ ನಿಂತಿದ್ದರು. ಅದೇ ಅಳತೆಯ ಗಟ್ಟಿ ಉಕ್ಕಿನ ಎರಡು ಬೋಲ್ಟು ತೆಗೆದು, ಅವರ ಅಂಗಳಕ್ಕೆ ತಾನೇ ಹೋಗಿ, ಮಂಡಿಯೂರಿ ಕೂತು ಹಾಕಿಕೊಟ್ಟಿದ್ದಳು. 'ಇನ್ನು ಜನ್ಮದಲ್ಲಿ ಮುರಿಯಲ್ಲ ನೋಡಿ' ಎಂದಿದ್ದಳು. ಎಷ್ಟು ಹೆಮ್ಮೆಯಿಂದ ಎಂದಿದ್ದಳು. ನಾಲ್ಕನೆಯ ದಿನ ಬೇಲಿಯಾಚೆಯಿಂದ ಒಂದು ಕೂಗು ಕೇಳಿ ಓಡಿದಾಗ ಯಂತ್ರ ಇನ್ನೂ ಗುರುಗುಡುತ್ತಿತ್ತು, ಸೊಂಡಿಲಿನ ಬಾಯಿಯಲ್ಲಿ ಹಿಮ ಕೆಂಪಾಗಿತ್ತು, ಉರ್ಹೊ ಬಲಗೈಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಕೂತಿದ್ದರು, ಏನೋ ಮರೆತವರ ಹಾಗೆ.

ಮೂರು ಬೆರಳು ಹೋದವು. ನಡುವಿನ ಮೂರು. ಆ ವಾರ ಊಟಕ್ಕೆ ಕೂತಾಗ ಅಪ್ಪ ತಟ್ಟೆಯಿಂದ ತಲೆಯೆತ್ತದೆ, "ಮುರೀಬೇಕಾದ್ದು ಮುರೀಲಿಲ್ಲ ಅಂತಾರಪ್ಪ, ಅದಕ್ಕೇ ಬೆರಳು ಹೋಯ್ತಂತೆ" ಎಂದ. ಯಾರು ಅಂತಾರೆ ಎಂದು ಅವಳು ಕೇಳಲಿಲ್ಲ. ಕೇಳುವುದೇನಿತ್ತು. ಮೆತ್ತನೆಯ ಪಿನ್ನು ಇದ್ದಿದ್ದರೆ ಮುರಿಯುತ್ತಿತ್ತು, ಯಂತ್ರ ನಿಲ್ಲುತ್ತಿತ್ತು. ಉರ್ಹೊ ಆಸ್ಪತ್ರೆಯಲ್ಲಿದ್ದ ವಾರ ಅವರ ಅಂಗಳದ ಹಿಮವನ್ನು ಅವಳೇ ತೆಗೆದಳು. ಅವರು ಮನೆಗೆ ಬಂದ ಮೇಲೂ ತೆಗೆದಳು. ಮದುವೆಯಾದ ವರ್ಷವೂ, ಆ ಮದುವೆ ಮುರಿದ ವರ್ಷವೂ, ಜ್ವರ ಬಂದಾಗಲೂ, ಬೆಳಗಿನ ಆರಕ್ಕೆ ಮೊದಲು ಅವರ ಅಂಗಳ, ಆಮೇಲೆ ತನ್ನದು. ಇಪ್ಪತ್ತೆರಡು ಚಳಿಗಾಲ. ಸ್ಪ್ಯಾನರನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ತನ್ನ ಯಂತ್ರ ಕೆಟ್ಟರೆ ಬೇರೆಯವರ ಹತ್ತಿರ ಒಯ್ದು, ಅವರು ಬಿಚ್ಚುವಾಗ ಹೊರಗೆ ಬಂದು ನಿಲ್ಲುತ್ತಿದ್ದಳು.

ಫೋಟೋ ತೆಗೆಯಲೆಂದು ನಲವತ್ತೊಂದನೆಯ ತುಂಡನ್ನು ಎತ್ತಿದಳು. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದದ ಉಕ್ಕಿನ ದಂಡ. ಒಂದು ತುದಿಗೆ ಬೆಲ್ಟು ಕೂರುವ ರಾಟೆ, ನಡುವೆ ಫ್ಯಾನು, ಇನ್ನೊಂದು ತುದಿ ಗೇರ್‌ಬಾಕ್ಸಿನೊಳಗೆ ಕೂರುವ ತಿರುಪಾಗಿ ಮುಗಿಯುತ್ತಿತ್ತು. ತೊಳೆಯುವಾಗ ಇದನ್ನು ಬರೀ ಗ್ರೀಸ್ ಹಿಡಿದ ಭಾರದ ವಸ್ತುವಾಗಿ ನೋಡಿದ್ದಳು. ಈಗ ಬೆಳಕಿಗೆ ಹಿಡಿದಾಗ ಏನೋ ಸರಿಯಿಲ್ಲವೆನ್ನಿಸಿತು. ಡೆವಿನ್ ಕರಿಹಲಗೆಯ ಮೇಲೆ ಎಂಜಿನ್ನಿನ ಶಕ್ತಿ ಹರಿಯುವ ದಾರಿಯನ್ನು ಬಾಣ ಹಾಕಿ ಬರೆದಿದ್ದ: ಎಂಜಿನ್, ಬೆಲ್ಟು, ಪಿನ್ನು, ತಿರುಪು ಅಲಗು, ಆಮೇಲೆ ಫ್ಯಾನು. ಹಿಮ ಹೋಗುವ ದಾರಿ ಅದೇ, ಮೊದಲು ಅಲಗಿಗೆ, ಆಮೇಲೆ ಫ್ಯಾನಿಗೆ. ಅವಳೂ ಇಷ್ಟು ವರ್ಷ ಹಾಗೇ ತಿಳಿದಿದ್ದಳು. ಆದರೆ ಕೈಯಲ್ಲಿದ್ದ ದಂಡ ಬೇರೆ ಹೇಳುತ್ತಿತ್ತು. ರಾಟೆ ತಿರುಗಿದರೆ ಮೊದಲು ತಿರುಗುವುದು ಫ್ಯಾನು. ಫ್ಯಾನನ್ನು ದಂಡಕ್ಕೆ ಬೆಸುಗೆ ಹಾಕಿ ಕೂರಿಸಿದ್ದಾರೆ. ಅದನ್ನು ದಾಟಿದ ಮೇಲೆ ಗೇರ್‌ಬಾಕ್ಸು, ಗೇರ್‌ಬಾಕ್ಸಿನಿಂದ ಅಡ್ಡದಂಡ, ಅಡ್ಡದಂಡದ ಮೇಲೆ ಸಡಿಲವಾಗಿ ತೊಡಿಸಿದ ಎರಡು ಅಲಗು, ಆ ಅಲಗುಗಳನ್ನು ಅಡ್ಡದಂಡಕ್ಕೆ ಹಿಡಿದಿಡುವ ಎರಡು ಪಿನ್ನು. ಪಿನ್ನು ಇರುವುದು ದಾರಿಯ ಕೊಟ್ಟಕೊನೆಗೆ.

ಅವಳ ಕೈ ಈಗ ಅನುಮತಿಗೆ ಕಾಯಲಿಲ್ಲ. ಗೇರ್‌ಬಾಕ್ಸಿನ ಎರಡು ಹೋಳನ್ನು ಕೂಡಿಸಿತು, ಕಂಚಿನ ಹಲ್ಲುಚಕ್ರವನ್ನು ಕೂರಿಸಿತು, ಅಲಗುಗಳನ್ನು ತೊಡಿಸಿತು, ಪಿನ್ನು ಹಾಕಿತು. ಇಪ್ಪತ್ತೆರಡು ವರ್ಷ ಎಲ್ಲಿದ್ದವೋ ಈ ಕೈಗಳು, ಒಂದು ವಾಷರನ್ನೂ ತಪ್ಪಿ ಹಾಕಲಿಲ್ಲ. ರಾಟೆಯನ್ನು ಕೈಯಿಂದ ತಿರುಗಿಸಿದಳು. ಫ್ಯಾನು ತಿರುಗಿತು, ಅಲಗು ನಿಧಾನಕ್ಕೆ ತಿರುಗಿತು. ಎರಡೂ ಪಿನ್ನು ಕಿತ್ತಳು. ಮತ್ತೆ ರಾಟೆಯನ್ನು ತಿರುಗಿಸಿದಳು. ಅಲಗು ಅಲ್ಲಾಡಲಿಲ್ಲ, ಫ್ಯಾನು ತಿರುಗಿತು. ಇನ್ನೊಮ್ಮೆ ತಿರುಗಿಸಿದಳು. ಅಲಗು ಸತ್ತಂತೆ ಬಿದ್ದಿತ್ತು, ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಎದೆಯೊಳಗೆ ಯಾವುದೋ ಹಕ್ಕಿ ರೆಕ್ಕೆ ಬಡಿದ ಹಾಗಾಯಿತು. ಉರ್ಹೊ ಕೈ ಹಾಕಿದ್ದು ಹಿಮ ಕಟ್ಟಿಕೊಂಡ ಸೊಂಡಿಲಿಗೆ. ಸೊಂಡಿಲಿನ ಬುಡದಲ್ಲಿರುವುದು ಫ್ಯಾನು. ಪಿನ್ನು ಮೆತ್ತಗಿದ್ದರೂ, ಗಟ್ಟಿಯಿದ್ದರೂ, ಮುರಿದಿದ್ದರೂ, ಇಲ್ಲದೇ ಹೋಗಿದ್ದರೂ ಆ ಫ್ಯಾನು ತಿರುಗುತ್ತಲೇ ಇರುತ್ತಿತ್ತು.

"ಡೆವಿನ್, ನೀನು ಬರೆದಿದ್ದು ತಪ್ಪು," ಎಂದಳು. ದನಿ ಎಷ್ಟು ಮೇಲೆ ಹೋಗಿತ್ತೆಂದರೆ ಹೊಲಿಗೆ ಯಂತ್ರದವರೂ ತಿರುಗಿ ನೋಡಿದರು.

"ಏನ್ ತಪ್ಪು?"

"ಫ್ಯಾನು ಮೊದಲು. ಅಲಗು ಆಮೇಲೆ. ಪಿನ್ನು ಮುರಿದ್ರೆ ಅಲಗು ಮಾತ್ರ ನಿಲ್ಲುತ್ತೆ, ಫ್ಯಾನು ನಿಲ್ಲಲ್ಲ."

"ಅಯ್ಯೋ, ನೀವು ಫೋಟೋ ತೆಗೀರಿ ಅಂದ್ರೆ—" ಎಂದವನು ಅವಳ ಮುಖ ನೋಡಿ ಮಾತು ನಿಲ್ಲಿಸಿ, ಬಂದು ರಾಟೆಯನ್ನು ತಾನೇ ತಿರುಗಿಸಿದ. ಪಿನ್ನಿನ ತೂತಿಗೆ ಬೆರಳಿಟ್ಟು ನೋಡಿದ. ಮತ್ತೆ ತಿರುಗಿಸಿದ. ಅವನ ಕುತ್ತಿಗೆ ಕೆಂಪಾಯಿತು. ಹೋಗಿ ಕರಿಹಲಗೆಯ ಬಾಣಗಳನ್ನು ತೋಳಿನಿಂದ ಒರೆಸಿದ. ಅದು ಅವನ ದೊಡ್ಡತನ ಎಂದು ಐಲಾಳಿಗೆ ಆಮೇಲೆ ಅನ್ನಿಸಿತು. ಆಗ ಅನ್ನಿಸಿದ್ದು ಇಷ್ಟೇ: ನಗು ಬರುತ್ತಿದೆ, ತಡೆಯಲಾಗುತ್ತಿಲ್ಲ, ಜನ ನೋಡುತ್ತಿದ್ದಾರೆ.

ಪ್ರೊಫೆಸರ್ ಪೆಪಿನ್ ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದಳು. ಐಲಾ ಮೂರನೆಯ ಸಲ ಮಾಡಿ ತೋರಿಸಿದಳು. ಗಟ್ಟಿ ಬೋಲ್ಟು ಹಾಕಿದ್ದರೆ ಏನಾಗುತ್ತಿತ್ತು ಎಂದು, ಯಾರೋ ಬೇರೆಯವರ ವಿಷಯವೆಂಬಂತೆ ಕೇಳಿದಳು. ಪ್ರೊಫೆಸರ್ ಕಂಚಿನ ಚಕ್ರವನ್ನು ಎತ್ತಿ ಅದರ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದಳು. "ಕಲ್ಲು ಸಿಕ್ಕಿದ್ರೆ ಈ ಹಲ್ಲು ಹೋಗೋದು. ಉಕ್ಕಿನ ತಿರುಪಿನ ಮುಂದೆ ಕಂಚು ಸೋಲುತ್ತೆ. ಒಂದು ಚಕ್ರ ಹಾಳು, ಅಷ್ಟೇ." ಒಂದು ಚಕ್ರ. ಐಲಾ ಆ ಚಕ್ರವನ್ನು ತೆಗೆದುಕೊಂಡು ಅಂಗೈಯಲ್ಲಿ ತೂಗಿದಳು. ಅವಳ ತಪ್ಪಿನ ನಿಜವಾದ ಅಳತೆ ಇದು, ಅಂಗೈಯಲ್ಲಿ ಹಿಡಿಸುವಷ್ಟು. ಇಷ್ಟಕ್ಕೆ ಇಪ್ಪತ್ತೆರಡು ಚಳಿಗಾಲವೇ ಎಂದು ಲೆಕ್ಕ ಹಾಕಲೂ ಅವಳಿಗೆ ಆಗ ಪುರಸೊತ್ತಿರಲಿಲ್ಲ.

"ಸರಿ," ಎಂದಳು ಪ್ರೊಫೆಸರ್. "ಓಡಿಸೋನು ಒತ್ತಿ ಹಿಡ್ಕೊಂಡಿರೋ ಹಿಡಿ ಬಿಟ್ಟ ತಕ್ಷಣ ಬೆಲ್ಟು ಸಡಿಲ ಆಗಿ, ಈ ಬ್ರೇಕು ರಾಟೇನ ಅದುಮುತ್ತೆ. ಎಣಿಸಿ ಐದು ಅನ್ನೋದ್ರೊಳಗೆ ಫ್ಯಾನು ನಿಲ್ಲಬೇಕು. ಹಿಡಿ ಹತ್ರ ನಿಂತೋನ ಕೈ ಸೊಂಡಿಲಿಗೆ ಎಟುಕಲ್ಲ. ಹಿಡಿ ಬಿಟ್ಟು, ಸುತ್ತು ಹಾಕ್ಕೊಂಡು ಮುಂದೆ ಬರಬೇಕು. ಅಷ್ಟರಲ್ಲಿ ಅದು ನಿಂತಿರುತ್ತೆ. ಹಾಗಿದ್ರೂ ವರ್ಷವರ್ಷ ಜನ ಬೆರಳು ಕಳ್ಕೋತಾರೆ. ಯಾಕೆ ಹೇಳಿ?"

"ಹಿಡಿನ ಕಟ್ಟಿಹಾಕಿರ್ತಾರೆ," ಎಂದ ಡೆವಿನ್. "ನಮ್ಮ ಮಾವ ಕಟ್ತಿದ್ದ. ಒತ್ತಿ ಹಿಡ್ಕೊಂಡು ಕೈ ನೋವು ಬರುತ್ತೆ ಅಂತ ಒಂದು ವೈರು ಸುತ್ತಿಬಿಡ್ತಿದ್ದ. ಆಮೇಲೆ ಕೈ ಬಿಟ್ರೂ ಫ್ಯಾನು ನಿಲ್ಲಲ್ಲ."

ಆ ದಿನ ಉರ್ಹೊ ಅವರ ಅಂಗಳದಲ್ಲಿ ಯಂತ್ರ ಇನ್ನೂ ಗುರುಗುಡುತ್ತಿತ್ತು. ಹಿಡಿಯ ಬಳಿ ಯಾರೂ ಇರಲಿಲ್ಲ, ಆದರೂ ಹಿಡಿ ಕೆಳಗೆ ಒತ್ತಿಕೊಂಡೇ ಇತ್ತು. ಅವಳು ಓಡಿ ಬಂದು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ್ದಳು. ಆಗ ಕೈಗವಸಿಗೆ ಏನೋ ಚುಚ್ಚಿತ್ತು. ಒಂದು ತಾಮ್ರದ ವೈರು, ಹಿಡಿಗೆ ಮೂರು ಸುತ್ತು. ಅದನ್ನು ನೋಡಿದ್ದಳು. ನೋಡಿಯೂ ಅದು ಏನೆಂದು ಕೇಳಿಕೊಂಡಿರಲಿಲ್ಲ, ಯಾಕೆಂದರೆ ಆಗ ಉರ್ಹೊ, "ಐಲಾ, ನನ್ನ ಕೈಗವಸು ಎಲ್ಲಿ ನೋಡು" ಎಂದಿದ್ದರು.

ಮಧ್ಯಾಹ್ನಕ್ಕೆ ಕಾರು ಹತ್ತಿದಳು. ರಸ್ತೆಯ ಎರಡು ಬದಿಗೂ ಹಿಮದ ಗೋಡೆ ಕಾರಿಗಿಂತ ಎತ್ತರಕ್ಕೆ ನಿಂತಿತ್ತು. ಆಕಾಶ ಸಾರಣೆ ಮಾಡಿದ ಹಾಗೆ ಬೂದುಬಣ್ಣಕ್ಕಿತ್ತು. ಸೀಟಿನ ಪಕ್ಕದಲ್ಲಿ ಮಾಂಸ ತುಂಬಿದ ಪೇಸ್ಟಿ ಆರುತ್ತಿತ್ತು, ಅದನ್ನು ಮುಟ್ಟಲಿಲ್ಲ. ಬಾಯಿ ತಾನಾಗಿಯೇ ಮಾತಾಡುತ್ತಿತ್ತು: ಉರ್ಹೊ, ನಿಮಗೊಂದು ವಿಷಯ ಹೇಳಬೇಕು, ಉರ್ಹೊ, ನಿಮಗೆ ಗೊತ್ತಾ. ಒಂದು ತಿರುವಿನಲ್ಲಿ ತಾನು ಹಾಡುತ್ತಿದ್ದೇನೆಂದು ಗೊತ್ತಾಗಿ ಗಕ್ಕನೆ ನಿಲ್ಲಿಸಿದಳು. ಒಬ್ಬ ಮುದುಕನಿಗೆ ನಿನ್ನ ಬೆರಳು ನಿನ್ನ ತಪ್ಪಿನಿಂದಲೇ ಹೋಯಿತು ಎಂದು ಹೇಳಲು ಹೊರಟವಳಿಗೆ ಇಷ್ಟೊಂದು ಖುಷಿಯಾಗಬಹುದೇ. ಖುಷಿ ಎಂದರೆ ಖುಷಿಯೇ, ಅದಕ್ಕೆ ಬೇರೆ ಹೆಸರಿರಲಿಲ್ಲ. ಉರ್ಹೊ ಅವರ ಹೆಂಡತಿ ಹೆಲ್ಮಿ ಬದುಕಿದ್ದಿದ್ದರೆ ಅವಳಿಗೂ ಹೇಳಬಹುದಿತ್ತು. ಚರ್ಚಿನ ನೆಲಮಾಳಿಗೆಯ ಕಾಫಿ ಕೂಟದಲ್ಲಿ ಐಲಾ ಕಪ್ಪು ಕೊಡಲು ಬಂದರೆ ಹೆಲ್ಮಿ ಪಕ್ಕದವಳ ಕಡೆ ತಿರುಗಿ, "ನೀನು ಕೊಡಮ್ಮ" ಎನ್ನುತ್ತಿದ್ದಳು. ಹತ್ತೊಂಬತ್ತು ವರ್ಷ, ಸಾಯುವವರೆಗೂ. ಐಲಾ ಪ್ರತಿ ಭಾನುವಾರ ಆ ಕಪ್ಪನ್ನು ಹಿಡಿದು ಹೋಗುತ್ತಿದ್ದಳು, ಯಾಕೆಂದರೆ ಅದು ತನಗೆ ಸಲ್ಲಬೇಕಾದದ್ದೆಂದು ತಿಳಿದಿದ್ದಳು. ನೆನೆದ ಕೂಡಲೇ ಕಿವಿ ಬಿಸಿಯಾಯಿತು. ಹಳೆಯ ಅವಮಾನ ಎಷ್ಟು ಸುಲಭವಾಗಿ ಹೊಸದಾಗುತ್ತದೆ.

ಉರ್ಹೊ ಅಡುಗೆಮನೆಯಲ್ಲಿ ಏಲಕ್ಕಿ ಹಾಕಿದ ಸಿಹಿ ರೊಟ್ಟಿ ಕೊಯ್ಯುತ್ತಿದ್ದರು. ನಿಸು ಎನ್ನುವ ಆ ರೊಟ್ಟಿ ಅವರ ಮನೆಯಲ್ಲಿ ಯಾವತ್ತೂ ಇರುತ್ತಿತ್ತು. ಎಪ್ಪತ್ತೈದರ ಮೇಲಾಗಿತ್ತು, ಮೀಸೆ ಮಾತ್ರ ಹಾಗೇ ದಪ್ಪಗೆ. ಉಳಿದ ಹೆಬ್ಬೆರಳು, ಕಿರುಬೆರಳುಗಳ ನಡುವೆ ಚಾಕುವನ್ನು ಹಿಡಿಯುವ ಅವರ ರೀತಿಯನ್ನು ಐಲಾ ಎಂದೂ ನೇರವಾಗಿ ನೋಡುತ್ತಿರಲಿಲ್ಲ. ಇವತ್ತು ನೋಡಿದಳು.

"ಇದೇನೇ ಹುಡುಗಿ, ಕಾಲೇಜು ಬಿಟ್ಟು ಬಂದೆ? ಓಡಿಸಿಬಿಟ್ರಾ?"

"ಕೂತ್ಕೊಳ್ಳಿ ಉರ್ಹೊ. ಒಂದು ತೋರಿಸ್ಬೇಕು ನಿಮಗೆ."

"ಕಾಫಿ ಕುಡಿದು ತೋರ್ಸು."

ಅವಳು ಕಾಯಲಿಲ್ಲ. ಚಮಚವನ್ನು ದಂಡ ಮಾಡಿದಳು, ರೊಟ್ಟಿಯ ಚೂರನ್ನು ಫ್ಯಾನು ಮಾಡಿದಳು, ಎರಡು ಸಕ್ಕರೆಯ ಉಂಡೆಗಳನ್ನು ಅಲಗು ಮಾಡಿ, ಕಡ್ಡಿ ಚುಚ್ಚಿ ಪಿನ್ನು ಇಟ್ಟಳು. ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಇಲ್ಲಿಂದ ಶಕ್ತಿ ಬರುತ್ತೆ, ಮೊದಲು ಇದು ತಿರುಗುತ್ತೆ, ಈ ಕಡ್ಡಿ ಮುರಿದ್ರೆ ಈ ಸಕ್ಕರೆ ನಿಲ್ಲುತ್ತೆ, ಆದ್ರೆ ರೊಟ್ಟಿ ನೋಡಿ, ರೊಟ್ಟಿ ನಿಲ್ಲಲ್ಲ. ಉರ್ಹೊ ನೋಡುತ್ತಿದ್ದರು. ಒಮ್ಮೆ ಬೀಳಲಿದ್ದ ಸಕ್ಕರೆಯನ್ನು ಕಿರುಬೆರಳಿನಿಂದ ತಡೆದು ಜಾಗಕ್ಕೆ ತಂದಿಟ್ಟರು. ಅವಳು ಮುಗಿಸಿ ಉಸಿರೆಳೆದುಕೊಂಡು, "ನನ್ನ ಬೋಲ್ಟಿನಿಂದಲ್ಲ ಉರ್ಹೊ. ಆಗೋಕೇ ಸಾಧ್ಯ ಇಲ್ಲ," ಎಂದಳು. ವೈರಿನ ಮಾತನ್ನು ಇನ್ನೂ ಎತ್ತಿರಲಿಲ್ಲ.

"ಗೊತ್ತು," ಎಂದರು ಉರ್ಹೊ.

"ಏನು ಗೊತ್ತು?"

"ಆ ಯಂತ್ರನ ನಾನೇ ಎರಡು ಸಲ ಬಿಚ್ಚಿ ಜೋಡಿಸಿದ್ನಲ್ಲೇ. ಫ್ಯಾನು ಎಲ್ಲಿದೆ ಅಂತ ಗೊತ್ತಿಲ್ವಾ ನಂಗೆ? ನಾನು ಹಿಡಿಗೆ ವೈರು ಕಟ್ಟಿದ್ದೆ."

ಬಾಗಿಲು ಮುರಿಯಲೆಂದು ಓಡಿ ಬಂದವಳಿಗೆ ಬಾಗಿಲು ತೆರೆದೇ ಇದ್ದ ಹಾಗಾಯಿತು.

"ಮತ್ತೆ ಯಾಕೆ..."

ಉರ್ಹೊ ಕಾಫಿಯನ್ನು ತಟ್ಟೆಗೆ ಸುರಿದುಕೊಂಡರು, ಕುಡಿಯಲಿಲ್ಲ. "ಹೆಲ್ಮಿ ಬೈತಿದ್ಳು, ಕಟ್ಬೇಡಿ ಕಟ್ಬೇಡಿ ಅಂತ. ದಿನಾ ಬೈತಿದ್ಳು. ಆಸ್ಪತ್ರೇಲಿ ಕಣ್ಣು ಬಿಟ್ರೆ ಎದುರಿಗೆ ಅವ್ಳೇ ಕೂತಿದ್ಳು. ಮುಖ ನೋಡಿದ್ರೆ, ಈಗ ಕೇಳ್ತಾಳೆ ಅಂತ ಗೊತ್ತಾಯ್ತು. ಅವ್ಳು ಕೇಳೋಕ್ ಮುಂಚೆ ನಾನೇ ಹೇಳ್ಬಿಟ್ಟೆ. ಕಂಗಾಸ್ ಹುಡುಗಿ ಗಟ್ಟಿ ಬೋಲ್ಟು ಹಾಕಿದ್ಳು, ಮುರೀಲಿಲ್ಲ, ಅದಕ್ಕೆ ಹಿಂಗಾಯ್ತು ಅಂತ. ಒಂದ್ಸಲ ಹೇಳಿದ್ದು, ಐಲಾ. ಎರಡನೇ ಸಲ ಹೇಳಿಲ್ಲ. ಅವ್ಳು ನಿಮ್ಮಪ್ಪಂಗೆ ಹೇಳಿದ್ಳು, ಚರ್ಚಲ್ಲಿ ಹೇಳಿದ್ಳು. ಆಮೇಲೆ ವಾಪಸ್ ತಗೊಳ್ಳೋದು ಹೆಂಗೆ?"

"ಹೆಲ್ಮಿ ಹೋಗಿ ಮೂರು ವರ್ಷ ಆಯ್ತು."

"ಆಯ್ತು."

"ಮೂರು ವರ್ಷ, ಹಿಮ ಬಿದ್ದ ದಿನವೆಲ್ಲ ಬಂದಿದೀನಿ."

"ಬಂದಿದೀಯ. ನಿನ್ನ ಯಂತ್ರದ ಸದ್ದು ಕೇಳಿಸ್ದಾಗ ಎದ್ದು ಕಾಫಿಗೆ ನೀರಿಡ್ತೀನಿ." ಅವರು ಮೊದಲ ಬಾರಿ ಅವಳ ಮುಖ ನೋಡಿದರು. "ಹೇಳಿದ್ರೆ ನೀನು ಬರೋದು ನಿಲ್ಲಿಸ್ತೀಯ ಅಂತ ಹೇಳ್ಲಿಲ್ಲ. ಇಷ್ಟೇ ನೋಡು. ಇದಕ್ಕಿಂತ ಒಳ್ಳೆ ಕಾರಣ ನನ್ನ ಹತ್ರ ಇಲ್ಲ."

ಅವಳಿಗೆ ಕೋಪ ಬಂತು. ಎಷ್ಟು ಬಂತೆಂದರೆ ಕೂತಲ್ಲಿ ಕೂರಲಾಗದೆ ಎದ್ದಳು. ಆದರೆ ಕೋಪದ ಜೊತೆಗೇ ಇನ್ನೊಂದು ಏನೋ ಉಕ್ಕುತ್ತಿತ್ತು, ವರ್ಕ್‌ಶಾಪಿನಲ್ಲಿ ಪಿನ್ನು ಕಿತ್ತು ರಾಟೆ ತಿರುಗಿಸಿದಾಗ ಬಂದಂಥದೇ. ಮುಚ್ಚಿದ ಪೆಟ್ಟಿಗೆಯೊಂದರ ತಿರುಪು ಒಂದೊಂದೇ ಸಡಿಲಾಗಿ, ಒಳಗೆ ಯಾವುದಕ್ಕೆ ಯಾವುದು ತಗುಲಿಕೊಂಡಿತ್ತೆಂದು ಬರಿಗಣ್ಣಿಗೆ ಕಂಡ ಹಾಗೆ. ಅಪ್ಪನ ಮಾತು, ಹೆಲ್ಮಿ ತಿರುಗಿಸಿದ ಮುಖ, ತಾನು ಸ್ಪ್ಯಾನರ್ ಬಿಟ್ಟದ್ದು, ಎಲ್ಲದರ ಹಿಂದೆ ಆಸ್ಪತ್ರೆಯ ಹಾಸಿಗೆಯಲ್ಲಿ ಹೆಂಡತಿಗೆ ಹೆದರಿದ ಒಬ್ಬ ಗಂಡಸಿನ ಒಂದು ವಾಕ್ಯ. ಅಷ್ಟು ಸಣ್ಣದು. ಅಷ್ಟು ಸಣ್ಣದೆಂಬುದೇ ಸಹಿಸಲಾಗದಂತಿತ್ತು.

"ಗುರುವಾರ ಹತ್ತು ಗಂಟೆಗೆ ನಾವು ಎಲ್ಲರ ಮುಂದೆ ವರದಿ ಒಪ್ಪಿಸ್ಬೇಕು," ಎಂದಳು, ಬಾಗಿಲಲ್ಲಿ ನಿಂತು. "ಊರಿನೋರೂ ಬರಬಹುದು. ಚರ್ಚಿನೋರಿಗೆ ನಾನು ಹೇಳಿ ಕಳಿಸ್ತೀನಿ. ನೀವು ಬನ್ನಿ."

"ಬಂದು ಏನ್ ಮಾಡ್ಲಿ?"

"ಅದು ನಿಮಗೆ ಬಿಟ್ಟಿದ್ದು."

ಬುಧವಾರ ಸಂಜೆಯಿಂದ ಹಿಮ ಹಿಡಿಯಿತು. ಗುರುವಾರ ಬೆಳಿಗ್ಗೆ ಐದೂವರೆಗೆ ಅವಳಿಗೆ ಎಂದಿನಂತೆ ಎಚ್ಚರವಾಯಿತು. ಮೈ ತಾನಾಗಿ ಎದ್ದು ದಪ್ಪ ಪ್ಯಾಂಟು ಹಾಕಿಕೊಳ್ಳತೊಡಗಿತ್ತು. ಒಂದು ಕಾಲು ಹಾಕಿ ಅವಳು ಹಾಸಿಗೆಯ ಅಂಚಿಗೆ ಕೂತಳು. ಹೊರಗೆ ಮೊಣಕಾಲು ಮುಳುಗುವಷ್ಟು ಬಿದ್ದಿತ್ತು. ಬೇಲಿಯಾಚೆಯ ಅಂಗಳ ಒಂದು ಗುರುತೂ ಇಲ್ಲದೆ ಬೆಳ್ಳಗಿತ್ತು, ಅಷ್ಟು ಬೆಳ್ಳಗೆ ಅದನ್ನು ಅವಳು ಎಂದೂ ನೋಡಿರಲಿಲ್ಲ. ಕಳ್ಳತನ ಮಾಡಿದ ಹಾಗೆ ಅಳುಕು, ಅದರ ಮೇಲೆ ರಜೆ ಸಿಕ್ಕವಳ ಪುಳಕ. ತನ್ನ ಅಂಗಳವನ್ನು ಮಾತ್ರ ಬಿಡಿಸಿಕೊಂಡಳು. ಇಪ್ಪತ್ತು ನಿಮಿಷ ಸಾಕಾಯಿತು. ಕಾರು ತೆಗೆಯುವಾಗ ಉರ್ಹೊ ಅವರ ಅಡುಗೆಮನೆಯ ದೀಪ ಹತ್ತಿತ್ತು. ಅವಳು ಆ ಕಡೆ ತಿರುಗಲಿಲ್ಲ.

ವರ್ಕ್‌ಶಾಪಿನಲ್ಲಿ ನಲವತ್ತು ಕುರ್ಚಿ ಹಾಕಿದ್ದರು. ಅರ್ಧ ತುಂಬಿತ್ತು. ಚರ್ಚಿನ ಕಾಫಿ ಕೂಟದ ನಾಲ್ವರು ಹೆಂಗಸರು ಕೋಟು ಬಿಚ್ಚದೆ ಸಾಲಾಗಿ ಕೂತಿದ್ದರು. ಡೆವಿನ್ ಅಚ್ಚೊತ್ತಿದ ತಗಡು, ಎರಕ ಹೊಯ್ದ ಅಲ್ಯೂಮಿನಿಯಂ ಎಂದು ಶುರು ಮಾಡಿ, ಗರಗಸದ ಹಲ್ಲು ಗಟ್ಟಿ ಹಿಮವನ್ನು ಯಾಕೆ ಕೊರೆಯುತ್ತದೆಂದು ವಿವರಿಸಿ, ನಡುವೆ ನಿಂತು, "ಶಕ್ತಿ ಹೋಗೋ ದಾರಿ ಕಂಡು ಹಿಡಿದದ್ದು ನಾನಲ್ಲ. ನಾನು ತಪ್ಪು ಬರೆದಿದ್ದೆ. ಇವ್ರು ಹೇಳ್ತಾರೆ" ಎಂದು ಪಕ್ಕಕ್ಕೆ ಸರಿದ. ಪೆಟ್ಟಿಗೆ, ಸೊಂಡಿಲು ಸಮೇತ ಮತ್ತೆ ಜೋಡಿಸಿಟ್ಟಿದ್ದ ಯಂತ್ರದ ಹತ್ತಿರಕ್ಕೆ ಐಲಾ ಬಂದಳು. ಮೊದಲ ನಾಲ್ಕು ಮಾತಿಗೆ ದನಿ ನಡುಗಿತು. ಆಮೇಲೆ ಕೈ ರಾಟೆಯ ಮೇಲೆ ಬಿತ್ತು, ದನಿ ಅದರ ಹಿಂದೆ ಹೋಯಿತು. ಪಿನ್ನು ಕಿತ್ತಳು, ತಿರುಗಿಸಿದಳು, ಫ್ಯಾನು ತಿರುಗಿತು. ಯಾರೋ "ಓಹೋ" ಎಂದರು. ಆಗ ಬಾಗಿಲು ತೆರೆದು ಉರ್ಹೊ ಒಳಗೆ ಬಂದರು. ಚರ್ಚಿಗೆ ಹೋಗುವ ಕಪ್ಪು ಕೋಟು, ತೊಡೆಯವರೆಗೂ ಒದ್ದೆ, ಕೈಯಲ್ಲಿ ಟೋಪಿ, ಮುಖ ಬಿಸಿಯಾಗಿ ಕೆಂಪಗಿತ್ತು. ಸಲಿಕೆಯಿಂದ ಅಂಗಳ ಅಗೆದುಕೊಂಡು ಬಂದಿದ್ದರು.

"ತಡವಾಯ್ತು," ಎಂದರು ಯಾರಿಗೂ ಅಲ್ಲದಂತೆ. "ಒಂದು ಕೈಯಲ್ಲಿ ಬೇಗ ಆಗಲ್ಲ." ಕೂರಲಿಲ್ಲ. ಕುರ್ಚಿಗಳ ನಡುವೆ ನೇರ ಮೇಜಿನವರೆಗೆ ನಡೆದು ಬಂದು, ಆ ನಾಲ್ವರು ಹೆಂಗಸರ ಕಡೆ ತಿರುಗಿ ನಿಂತರು. "ನನ್ನ ಕೈ ನಿಮಗೆಲ್ಲ ಗೊತ್ತು. ಈ ಹುಡುಗಿ ಹಾಕಿದ ಬೋಲ್ಟಿಂದ ಹಿಂಗಾಯ್ತು ಅಂತ ಹೆಲ್ಮಿ ಹೇಳಿರ್ತಾಳೆ. ಹೆಲ್ಮಿಗೆ ಹಾಗಂತ ಹೇಳಿದ್ದು ನಾನು. ಅದು ಸುಳ್ಳು. ಹಿಡಿಗೆ ವೈರು ಕಟ್ಟಿದ್ದೆ, ಅದನ್ನ ಬಿಚ್ಚದೇ ಸೊಂಡಿಲಿಗೆ ಕೈ ಹಾಕ್ದೆ."

ಮೊದಲ ಸಾಲಿನ ಹೆಂಗಸೊಬ್ಬಳು ಕೈಚೀಲದ ಕೊಂಡಿಯನ್ನು ತೆರೆದು ಮುಚ್ಚಿದಳು. ಡೆವಿನ್ ಕೆಮ್ಮಿ, ನಿಜಕ್ಕೂ ತಿಳಿಯುವ ಆಸೆಯಿಂದ, "ಎಲ್ಲಿವರೆಗೆ ಹಾಕಿದ್ರಿ ತಾತ?" ಎಂದು ಕೇಳಿದ.

"ಇಲ್ಲಿವರೆಗೆ," ಎಂದು ಉರ್ಹೊ ತೋಳು ಮಡಚಿ ಬಲಗೈಯನ್ನು ಸೊಂಡಿಲಿನೊಳಗೆ ಇಳಿಬಿಟ್ಟರು.

ಎಂಜಿನ್ ಪಕ್ಕದ ಮೇಜಿನ ಮೇಲಿತ್ತು, ಬೆಲ್ಟು ಮೊಳೆಗೆ ತೂಗುತ್ತಿತ್ತು, ಫ್ಯಾನಿಗೆ ತಗುಲಿದ್ದ ಶಕ್ತಿಯೆಂದರೆ ಐಲಾಳ ಕೈ ಒಂದೇ. ಆದರೂ ಅವಳು ಎರಡೂ ಕೈಯಿಂದ ರಾಟೆಯನ್ನು ಅಪ್ಪಿ ಹಿಡಿದಿದ್ದಳು, ಬೆರಳ ಗಿಣ್ಣು ಬೆಳ್ಳಗಾಗುವಷ್ಟು.

"ಬಿಡು," ಎಂದರು ಉರ್ಹೊ ಮೆಲ್ಲಗೆ. "ತಿರುಗ್ಸು. ಅವ್ರು ನೋಡ್ಲಿ."

"ಬೇಡ."

"ತಿರುಗ್ಸೇ ಮಾರಾಯ್ತಿ. ಇನ್ನೇನ್ ಹೋಗೋದಿದೆ."

ಅವಳು ತಿರುಗಿಸಿದಳು, ಒಂದೊಂದು ಹಲ್ಲಿನಷ್ಟು ಮಾತ್ರ. ಪೆಟ್ಟಿಗೆಯ ತೆರೆದ ಬಾಯಿಯಿಂದ ಎಲ್ಲರಿಗೂ ಕಾಣುತ್ತಿತ್ತು. ಫ್ಯಾನಿನ ರೆಕ್ಕೆ ನಿಧಾನಕ್ಕೆ ಮೇಲೆದ್ದು ಬಂದು, ಹೆಬ್ಬೆರಳು ಮತ್ತು ಕಿರುಬೆರಳಿನ ನಡುವಿನ ಖಾಲಿ ಜಾಗವನ್ನು, ಯಾವುದಕ್ಕೂ ತಾಕದೆ, ದಾಟಿ ಹೋಯಿತು.